ಇಂದಿನ ಚಿಂತನ: ಆಲಿಸ್ ಬಾಲ್ ಮತ್ತು ಬೇರ್ಪಡಿಸುವ ಕಾಯಿಲೆಯ ಎಣ್ಣೆ



ಧಮ್ಮಬಂಧುಗಳೇ, ಇವತ್ತು ಡಿಸೆಂಬರ್ 31. ನಾಳೆ ಬೆಳಗಾಗುವುದರೊಳಗೆ ಈ ಗುಂಪಿನ ತುಂಬ ಭೀಮಾ ಕೋರೆಗಾಂವ್ ವಿಜಯಸ್ತಂಭದ ಚಿತ್ರಗಳು ಬಂದು ಬೀಳುತ್ತವೆ. ಬರಲಿ. ಅದಕ್ಕೂ ಮೊದಲು, ಇದೇ ಡಿಸೆಂಬರ್ 31ರಂದು ತೀರಿಕೊಂಡ ಒಬ್ಬ ಹೆಣ್ಣುಮಗಳನ್ನು ನೆನೆಯೋಣ. ಆಕೆ ಬೌದ್ಧಳಲ್ಲ, ನಮ್ಮ ದೇಶದವಳೂ ಅಲ್ಲ. ಸಾಯುವಾಗ ಆಕೆಗೆ 24 ವರ್ಷ. ಬರಹ ಎಂದಿನದಕ್ಕಿಂತ ಉದ್ದ ಇದೆ, ಬಿಡುವಿದ್ದಾಗ ಓದಿ.

ಕಥೆಯನ್ನು ಮಾತ್ರ ನಮ್ಮ ಮನೆಯಿಂದಲೇ ಶುರು ಮಾಡುತ್ತೇನೆ.

ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ನಡೆದ ಜಗಳ ನಮಗೆಲ್ಲ ಗೊತ್ತು. ಸಿದ್ಧಾರ್ಥ ಮನೆ ಬಿಟ್ಟದ್ದಕ್ಕೆ ಬಾಬಾಸಾಹೇಬರು ಬುದ್ಧ ಮತ್ತು ಅವನ ಧಮ್ಮ ಗ್ರಂಥದಲ್ಲಿ ಕೊಡುವ ಕಾರಣವೇ ಅದು. ಆದರೆ ಈ ಕೋಲಿಯರು ಯಾರು? ಪಾಳಿ ಅಟ್ಠಕಥೆಗಳಲ್ಲಿ ಅವರ ಹುಟ್ಟಿನ ಕಥೆ ಇದೆ. ಶಾಕ್ಯ ಅಣ್ಣತಮ್ಮಂದಿರ ಹಿರಿಯಕ್ಕ ಪಿಯಾಳಿಗೆ ಕುಷ್ಠ ಬಂತು. ತಮ್ಮಂದಿರು ಅಕ್ಕನನ್ನು ವಿಹಾರಕ್ಕೆಂದು ರಥದಲ್ಲಿ ಕೂರಿಸಿಕೊಂಡು ಕಾಡಿಗೆ ಒಯ್ದರು. ಅಲ್ಲಿ ನೆಲ ಅಗೆಸಿ ಗುಂಡಿಯಲ್ಲಿ ಅವಳನ್ನು ಇರಿಸಿ, ಅನ್ನ ನೀರು ಇಟ್ಟು, ಮೇಲೆ ಹಲಗೆ ಮುಚ್ಚಿ ಮಣ್ಣೆಳೆದು ಬಂದರು. ಅದೇ ಕಾಡಿನಲ್ಲಿ ಬಾರಾಣಸಿಯ ರಾಜ ರಾಮನಿದ್ದ. (ರಾಮಾಯಣದ ರಾಮನಲ್ಲ, ಗೊಂದಲ ಬೇಡ.) ಅವನೂ ಕುಷ್ಠ ಬಂದು ರಾಜ್ಯ ಬಿಟ್ಟವನೇ. ಕಾಡಿನ ಬೇರು, ಎಲೆ, ಹಣ್ಣು ತಿನ್ನುತ್ತ ತಿನ್ನುತ್ತ ವಾಸಿಯಾಗಿ ಒಂದು ದೊಡ್ಡ ಕೋಲ ಮರದ ಪೊಟರೆಯಲ್ಲಿ ಬದುಕಿಕೊಂಡಿದ್ದ. ಹುಲಿಯೊಂದು ವಾಸನೆ ಹಿಡಿದು ಗುಂಡಿಯ ಮೇಲೆ ಕೆರೆದಾಗ ಪಿಯಾ ಕಿರುಚಿದಳು, ಅವನಿಗೆ ಕೇಳಿಸಿತು. ಮೇಲೆತ್ತಿದ. ತಾನು ತಿಂದ ಔಷಧವನ್ನೇ ಅವಳಿಗೂ ಕೊಟ್ಟ. ಇಬ್ಬರೂ ಸಂಸಾರ ಮಾಡಿದರು. ಆ ಸಂತತಿಯೇ ಕೋಲಿಯರು. ಬುದ್ಧನ ತಾಯಿ ಮಹಾಮಾಯೆ ಆ ಕುಲದವಳು.

ಇದು ಇತಿಹಾಸವಲ್ಲ, ಐತಿಹ್ಯ. ಆದರೂ ಯೋಚಿಸಿ. ರೋಗ ಬಂತೆಂದು ತಮ್ಮವರೇ ಜೀವಂತ ಹೂತ ಹೆಂಗಸಿನ ಹೊಟ್ಟೆಯಿಂದ ಬುದ್ಧನ ತಾಯಿಯ ಕುಲ ಬಂತು ಎಂಬುದನ್ನು ಹಿಂದಿನ ಭಿಕ್ಖುಗಳು ಮುಚ್ಚಿಡದೆ ಬರೆದಿಟ್ಟರು.

ಕುಷ್ಠರೋಗದ ಚರಿತ್ರೆ ಬರೆದವರಲ್ಲಿ ಕೆಲವರು ಆ ಕೋಲ ಮರವೇ ಚಾಲಮೊಗ್ರ ಮರ ಎನ್ನುತ್ತಾರೆ. ನನಗೆ ಅಷ್ಟು ನಂಬಿಕೆ ಇಲ್ಲ, ಪಾಳಿಯಲ್ಲಿ ಕೋಲ ಎಂದರೆ ಸಾಮಾನ್ಯವಾಗಿ ನಮ್ಮ ಬೋರೆಹಣ್ಣು. ಆದರೆ ಚಾಲಮೊಗ್ರ ಎಂಬ ಮರ ಇರುವುದು ನಿಜ, ಅದರ ಬೀಜದ ಎಣ್ಣೆಯನ್ನು ಕುಷ್ಠಕ್ಕೆ ಹಚ್ಚುತ್ತಿದ್ದುದೂ ನಿಜ. ಬರ್ಮಾ, ಅಸ್ಸಾಂ ಕಡೆ ಒಂದು ಜಾತಿ ಬೆಳೆಯುತ್ತದೆ. ಅದರ ತಂಗಿಯಂಥ ಇನ್ನೊಂದು ಜಾತಿ ಬೆಳೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ ಮಾತ್ರ. ಮಲೆನಾಡಿನಲ್ಲಿ ಅದಕ್ಕೆ ಸುರಂಟಿ ಎಂಬ ಹೆಸರಿದೆ, ಗರುಡಫಲ ಎಂದೂ ಕರೆಯುತ್ತಾರೆ. ಹಳ್ಳ ಹೊಳೆಗಳ ದಡದ ನಿತ್ಯಹಸಿರು ಕಾಡು ಅದರ ಜಾಗ. ತುಂಗೆ ಭದ್ರೆ ಹುಟ್ಟುವುದೂ ಅದೇ ಘಟ್ಟದಲ್ಲಿ, ಕೂಡಲಿಯಲ್ಲಿ ಒಂದಾಗಿ ಹರಿಹರಕ್ಕೆ ಬರುವುದು ಅಲ್ಲಿಯ ನೀರೇ. ಸುಶ್ರುತ ಸಂಹಿತೆಯೂ ತುವರಕ ಎಂಬ ಹೆಸರಿನಲ್ಲಿ, ಪಡುವಣ ಸಮುದ್ರದ ಕಡೆ ಬೆಳೆಯುವ ಇಂಥ ಮರವನ್ನೇ ಕುಷ್ಠಕ್ಕೆ ಹೇಳುತ್ತದೆ.

ಇಷ್ಟು ಹಳೆಯ ಔಷಧ, ಇಷ್ಟು ಹತ್ತಿರದ ಮರ. ಹಾಗಿದ್ದೂ ಸಾವಿರಾರು ವರ್ಷ ಕುಷ್ಠರೋಗಿಗಳು ಊರ ಹೊರಗೇ ಸತ್ತರು, ಯಾಕೆ? ಎಣ್ಣೆಯಲ್ಲಿ ಗುಣ ಇದ್ದಿರಬಹುದು, ಆದರೆ ಅದು ಮೈಯೊಳಗೆ ಹೋಗುತ್ತಿರಲಿಲ್ಲ. ಕುಡಿದರೆ ತಡೆಯಲಾರದ ವಾಂತಿ. ಹಚ್ಚಿದರೆ ಅಂಟಂಟು, ಚರ್ಮದ ಮೇಲೆಯೇ ಉಳಿಯುತ್ತಿತ್ತು. 1854ರಲ್ಲಿ ಕಲ್ಕತ್ತೆಯ ಫ್ರೆಡರಿಕ್ ಮೌಟ್ ಎಂಬ ವೈದ್ಯ ಈ ಎಣ್ಣೆಯ ಬಗ್ಗೆ ಬರೆದ ಮೇಲೆ ಯೂರೋಪಿನ ವೈದ್ಯರೂ ಇದನ್ನು ಹಿಡಿದರು. ಸೂಜಿಯಲ್ಲಿ ತುಂಬಿ ಚುಚ್ಚಿಯೂ ನೋಡಿದರು. ಚರ್ಮದ ಕೆಳಗೆ ಎಣ್ಣೆ ಗಂಟುಗಟ್ಟಿ ನಿಲ್ಲುತ್ತಿತ್ತು. ಸಾಲುಸಾಲು ಗುಳ್ಳೆ, ಕೀವು, ಉರಿ. ರೋಗದ ನೋವಿಗಿಂತ ಮದ್ದಿನ ನೋವೇ ಹೆಚ್ಚು.

ಈ ಗಂಟನ್ನು ಬಿಡಿಸಿದವಳು ಆಲಿಸ್ ಅಗಸ್ಟಾ ಬಾಲ್.

ಆಲಿಸ್ ಹುಟ್ಟಿದ್ದು 1892ರ ಜುಲೈ 24ರಂದು, ಅಮೆರಿಕದ ಸಿಯಾಟಲ್ ಊರಿನಲ್ಲಿ. ಬಾಬಾಸಾಹೇಬರಿಗಿಂತ ಹದಿನೈದು ತಿಂಗಳು ಚಿಕ್ಕವಳು. ಕಪ್ಪು ಜನರ ಮನೆತನ. ಅಜ್ಜ ಜೇಮ್ಸ್ ಪ್ರೆಸ್ಲಿ ಬಾಲ್ ಆ ಕಾಲದ ಹೆಸರಾಂತ ಫೋಟೋಗ್ರಾಫರ್. ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿದ್ದ 1855ರಲ್ಲೇ ಅದರ ಕ್ರೌರ್ಯ ತೋರಿಸುವ ಭಾರಿ ಚಿತ್ರಮಾಲೆ ಮಾಡಿಸಿ ಊರೂರಲ್ಲಿ ಪ್ರದರ್ಶನ ಇಟ್ಟವನು. ಅಪ್ಪ ಪತ್ರಿಕೆ ನಡೆಸಿದವನು, ವಕೀಲ. ಅಮ್ಮ ಲಾರಾ ಕೂಡ ಫೋಟೋ ತೆಗೆಯುತ್ತಿದ್ದಳು. ಬೆಳ್ಳಿಯ ಲವಣ ಬಳಿದ ಗಾಜಿನ ಮೇಲೆ ರಸಾಯನ ಹಾಕಿದರೆ ಮುಖ ಮೂಡುವ ಕಾಲ ಅದು. ಆ ಮನೆಯ ಹುಡುಗಿಗೆ ರಸಾಯನಶಾಸ್ತ್ರ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ಸಂಗತಿ ಹೇಳಲೇಬೇಕು. ಆಲಿಸ್‌ಳ ಜನನ ಪತ್ರದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಬಿಳಿಯರು ಎಂದು ನಮೂದಿಸಲಾಗಿದೆ. ಮಗಳಿಗೆ ಮುಂದೆ ತೊಂದರೆ ಆಗದಿರಲಿ ಎಂದು ಹಾಗೆ ಬರೆಸಿರಬೇಕು ಎನ್ನುತ್ತಾರೆ. ದಾವಣಗೆರೆಯಲ್ಲಿ ಬಾಡಿಗೆ ಮನೆ ಹುಡುಕುವಾಗ ನಮ್ಮಲ್ಲಿ ಎಷ್ಟು ಜನ ಕೇರಿಯ ಹೆಸರು ನುಂಗಿಕೊಂಡು ಬೇರೆ ಬಡಾವಣೆಯ ಹೆಸರು ಹೇಳಿದ್ದೇವೆ? ಆ ಅಪ್ಪ ಅಮ್ಮನನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ.

ಅಜ್ಜನಿಗೆ ಕೀಲುನೋವು. ಬೆಚ್ಚಗಿನ ಊರಿಗೆ ಹೋದರೆ ಒಳ್ಳೆಯದೆಂದು ಕುಟುಂಬವೆಲ್ಲ ಹವಾಯಿ ದ್ವೀಪದ ಹೊನೊಲುಲುವಿಗೆ ಹೋಯಿತು. 1904ರಲ್ಲಿ ಅಜ್ಜ ತೀರಿಕೊಂಡ, ಮರುವರ್ಷ ಎಲ್ಲರೂ ಸಿಯಾಟಲ್‌ಗೆ ವಾಪಸಾದರು. ಆಲಿಸ್ 1910ರಲ್ಲಿ ಹೈಸ್ಕೂಲು ಮುಗಿಸಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದಳು. 1912ರಲ್ಲಿ ಔಷಧ ರಸಾಯನಶಾಸ್ತ್ರದಲ್ಲಿ ಒಂದು ಪದವಿ, 1914ರಲ್ಲಿ ಫಾರ್ಮಸಿಯಲ್ಲಿ ಇನ್ನೊಂದು. ಅದೇ 1914ರಲ್ಲಿ ತನ್ನ ಗುರು ವಿಲಿಯಂ ಡೇನ್ ಜೊತೆ ಬರೆದ ಸಂಶೋಧನಾ ಲೇಖನ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಕಪ್ಪು ಹುಡುಗಿಯೊಬ್ಬಳ ಹೆಸರು ಆ ಪತ್ರಿಕೆಯಲ್ಲಿ ಬರುವುದು ಆಗಿನ ಕಾಲಕ್ಕೆ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಓದಿಗೆ ಚಿಕ್ಕಂದಿನಲ್ಲಿ ಕಂಡಿದ್ದ ಹವಾಯಿಯನ್ನೇ ಆರಿಸಿಕೊಂಡಳು. ಅಲ್ಲಿನ ಕಾಲೇಜ್ ಆಫ್ ಹವಾಯಿಯಲ್ಲಿ ಎಂ.ಎಸ್ಸಿ.ಗೆ ತೆಗೆದುಕೊಂಡ ವಿಷಯ ಕಾವಾ ಎಂಬ ಗಿಡದ ಬೇರು. ನಮ್ಮ ವೀಳ್ಯದೆಲೆ, ಮೆಣಸಿನ ಬಳಗಕ್ಕೆ ಸೇರಿದ ಗಿಡ. ಅಲ್ಲಿನ ಮೂಲನಿವಾಸಿಗಳು ಅದರ ಬೇರು ಜಜ್ಜಿ ರಸ ಮಾಡಿ ಕುಡಿಯುತ್ತಾರೆ, ಮೈಮನಸ್ಸು ಸಡಿಲವಾಗುತ್ತದೆ. ಜನ ಹಿಂದಿನಿಂದ ಬಳಸಿಕೊಂಡು ಬಂದದ್ದನ್ನು ತೆಗೆದುಕೊಂಡು, ಅದರಲ್ಲಿ ಏನೇನು ಇದೆ, ಕೆಲಸ ಮಾಡುವ ಅಂಶ ಯಾವುದು ಎಂದು ಒಂದೊಂದಾಗಿ ಬೇರ್ಪಡಿಸಿ ನೋಡುವುದು ಅವಳ ಪ್ರಬಂಧದ ಕೆಲಸ. 1915ರಲ್ಲಿ ಪದವಿ ಸಿಕ್ಕಿತು. ಆ ಕಾಲೇಜಿನಿಂದ ಸ್ನಾತಕೋತ್ತರ ಪದವಿ ಪಡೆದ ಮೊದಲ ಹೆಂಗಸು, ಮೊದಲ ಕಪ್ಪು ವ್ಯಕ್ತಿ ಎರಡೂ ಅವಳೇ. ಅಲ್ಲೇ ರಸಾಯನಶಾಸ್ತ್ರ ಕಲಿಸುವ ಕೆಲಸವೂ ಸಿಕ್ಕಿತು.

1915. ಅದೇ ವರ್ಷ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬಾಬಾಸಾಹೇಬರು ಎಂ.ಎ. ಪಡೆದರು. ಒಬ್ಬರು ಆ ದೇಶದ ಪೂರ್ವದ ತುದಿಯಲ್ಲಿ, ಇನ್ನೊಬ್ಬರು ಪಡುವಣ ಸಮುದ್ರದ ನಡುವೆ. ಒಬ್ಬರಿಗೊಬ್ಬರು ಗೊತ್ತಿರುವ ಸಂಭವವೇ ಇಲ್ಲ. ನನಗೆ ಮಾತ್ರ ಆ ಇಸವಿ ನೋಡಿದಾಗೆಲ್ಲ ಇಬ್ಬರೂ ಒಂದೇ ತರಗತಿಯವರು ಅನಿಸುತ್ತದೆ.

ಈಗ ಹವಾಯಿಯ ಕುಷ್ಠರೋಗಿಗಳ ಸ್ಥಿತಿ ಹೇಳಬೇಕು, ಇಲ್ಲದಿದ್ದರೆ ಆಲಿಸ್ ಮಾಡಿದ ಕೆಲಸದ ತೂಕ ತಿಳಿಯುವುದಿಲ್ಲ. 1865ರಲ್ಲಿ ಅಲ್ಲೊಂದು ಕಾನೂನು ಬಂತು. ಕುಷ್ಠದ ಅನುಮಾನ ಬಂದವರನ್ನು ಹಿಡಿದು ತರುವುದು, ಪರೀಕ್ಷೆ ಮಾಡುವುದು, ರೋಗ ಇದ್ದರೆ ಮೊಲೊಕೈ ದ್ವೀಪದ ಕಲೌಪಾಪಾ ಎಂಬ ಮೂಲೆಗೆ ಸಾಗಿಸುವುದು. ಒಂದು ಕಡೆ ಎತ್ತರದ ಕಡಿದಾದ ಬೆಟ್ಟ, ಉಳಿದ ಕಡೆ ಸಮುದ್ರ. ಹೋದವರು ವಾಪಸು ಬರುವುದಿಲ್ಲ. ಗಂಡ ಹೆಂಡತಿ ಬೇರೆ, ತಾಯಿ ಮಗು ಬೇರೆ. 1866ರಿಂದ 1969ರವರೆಗೆ ಸುಮಾರು 8,000 ಜನರನ್ನು ಹಾಗೆ ಕಳಿಸಿದರು, ಹೆಚ್ಚಿನವರು ಮೂಲನಿವಾಸಿಗಳು. ಅವರ ಭಾಷೆಯಲ್ಲಿ ಈ ರೋಗಕ್ಕೆ ಇದ್ದ ಹೆಸರಿನ ಅರ್ಥವೇ ಬೇರ್ಪಡಿಸುವ ಕಾಯಿಲೆ ಎಂದು. ಬೆರಳು ಉದುರಿಸುವ ಕಾಯಿಲೆ ಎಂದು ಅವರು ಕರೆಯಲಿಲ್ಲ ನೋಡಿ.

ಹೊನೊಲುಲುವಿನ ಕಲಿಹಿ ಆಸ್ಪತ್ರೆಯಲ್ಲಿ ಹ್ಯಾರಿ ಹಾಲ್ಮನ್ ಎಂಬ ಡಾಕ್ಟರ್ ಇದ್ದರು. ಚಾಲಮೊಗ್ರ ಎಣ್ಣೆಯಿಂದ ಕೆಲವರಿಗೆ ಗುಣ ಕಾಣುತ್ತದೆ, ಆದರೆ ಕೊಡುವುದೇ ಕಷ್ಟ ಎಂಬುದು ಅವರ ಸಂಕಟ. ಕಾವಾ ಬೇರನ್ನು ಬಿಡಿಸಿ ನೋಡಿದ ಹುಡುಗಿಯ ಬಗ್ಗೆ ತಿಳಿದು, ಈ ಎಣ್ಣೆಯನ್ನೂ ಬಿಡಿಸಿಕೊಡಲು ಸಾಧ್ಯವೇ ಎಂದು ಅವಳನ್ನೇ ಕೇಳಿದರು. ಆಲಿಸ್‌ಗೆ ಆಗ 23 ವರ್ಷ. ಹಗಲು ಪಾಠ, ಪಾಠದ ನಡುವೆ ಸಿಕ್ಕ ಹೊತ್ತಿನಲ್ಲಿ ಈ ಕೆಲಸ.

ಅವಳು ಮಾಡಿದ್ದೇನು? ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿ ದುಡಿದ ನಮ್ಮ ಹಿರಿಯರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಯಾವುದೇ ಎಣ್ಣೆ ತೆಗೆದುಕೊಳ್ಳಿ, ಅದರಲ್ಲಿ ಕೊಬ್ಬಿನಾಮ್ಲದ ಮೂರು ಮೂರು ಎಳೆ ಗ್ಲಿಸರಿನ್ ಎಂಬ ಒಂದು ಗಂಟಿಗೆ ಬಿಗಿದಿರುತ್ತವೆ. ಅದಕ್ಕೇ ಎಣ್ಣೆ ಭಾರ, ಮಂದ. ಆಲಿಸ್ ಮೊದಲು ಆ ಗಂಟು ಬಿಚ್ಚಿ ಎಳೆಗಳನ್ನು ಬೇರೆ ಮಾಡಿದಳು. ಚಾಲಮೊಗ್ರದ ವಿಶೇಷ ಆಮ್ಲಗಳು ಯಾವುವೆಂದು ಲಂಡನ್ನಿನ ಫ್ರೆಡರಿಕ್ ಪವರ್ 1904ರ ಹೊತ್ತಿಗೆ ಗುರುತಿಸಿದ್ದರು, ಆ ದಾರಿ ತೆರೆದಿತ್ತು. ಬಿಡಿಯಾದ ಆಮ್ಲಗಳನ್ನು ಆಕೆ ಆಲ್ಕೊಹಾಲಿನ ಜೊತೆ ಕೂಡಿಸಿ ಈಥೈಲ್ ಎಸ್ಟರ್ ಮಾಡಿದಳು. ಈಗ ಒಂದೊಂದು ಎಳೆಯೂ ಒಂದೊಂದು ಹಗುರವಾದ ತುಂಡಿಗೆ ಮಾತ್ರ ಸೇರಿಕೊಂಡಿದೆ. ಮಂದ ಎಣ್ಣೆ ಹೋಗಿ ತೆಳು ದ್ರವ ಬಂತು. ಸೂಜಿಯಲ್ಲಿ ಸಲೀಸಾಗಿ ಹೋಗುತ್ತದೆ, ಮೈ ಅದನ್ನು ಹೀರಿಕೊಳ್ಳುತ್ತದೆ, ಗಂಟು ಕಟ್ಟುವುದಿಲ್ಲ. ಎಣ್ಣೆಯ ಗುಣ ಮಾತ್ರ ಉಳಿದಿರುತ್ತದೆ. ಹೇಳುವುದಕ್ಕೆ ನಾಲ್ಕು ಸಾಲು. ಎಷ್ಟು ಬಿಸಿ, ಎಷ್ಟು ತಂಪು, ಎಷ್ಟು ಹೊತ್ತು ಎಂದು ಒಂದೊಂದನ್ನೂ ಮಾಡಿ ನೋಡಿ, ತಪ್ಪಿ, ಮತ್ತೆ ಮಾಡಿ ಹಿಡಿಯಬೇಕು. ಒಂದು ವರ್ಷದೊಳಗೆ ಹಿಡಿದಳು.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಗುಂಪುಗಳಲ್ಲಿ ಓಡಾಡುವ ಸಂದೇಶಗಳು ಇದನ್ನು ಬಿಡುತ್ತವೆ. ಚಾಲಮೊಗ್ರದ ಈಥೈಲ್ ಎಸ್ಟರನ್ನು ಜರ್ಮನಿಯ ಬೇಯರ್ ಕಂಪನಿ ಆಂಟಿಲೆಪ್ರಾಲ್ ಎಂಬ ಹೆಸರಿನಲ್ಲಿ ಇದಕ್ಕೂ ಮೊದಲೇ ತಯಾರಿಸಿತ್ತು. ಆದ್ದರಿಂದ ಲೋಕದಲ್ಲಿ ಯಾರಿಗೂ ಹೊಳೆಯದ್ದು ಇವಳಿಗೆ ಹೊಳೆಯಿತು ಎಂದರೆ ತಪ್ಪಾಗುತ್ತದೆ. ಇವಳು ಕೊಟ್ಟದ್ದು ಒಂದು ಸಾಧಾರಣ ಪ್ರಯೋಗಶಾಲೆಯಲ್ಲಿ ಕೈಯಾರೆ ಮಾಡಬಹುದಾದ ವಿಧಾನ. ಕಲಿಹಿಯ ರೋಗಿಗಳಿಗೆ ಬೇಕಾಗಿದ್ದದ್ದು ಅದೇ. ಇಷ್ಟು ಹೇಳಿದರೂ ಅವಳ ಎತ್ತರ ಒಂದು ಅಂಗುಲವೂ ಕಡಿಮೆಯಾಗುವುದಿಲ್ಲ.

ವಿಧಾನ ಕೈಗೆ ಬಂತು, ಬರೆದು ಅಚ್ಚು ಹಾಕಿಸುವಷ್ಟು ಆಯುಷ್ಯ ಬರಲಿಲ್ಲ. 1916ರಲ್ಲಿ ಕಾಯಿಲೆ ಬಿದ್ದು ಸಿಯಾಟಲ್‌ಗೆ ಹಿಂತಿರುಗಿದಳು, ಡಿಸೆಂಬರ್ 31ಕ್ಕೆ ತೀರಿಕೊಂಡಳು. ಮರಣ ಪತ್ರದಲ್ಲಿ ಕ್ಷಯ ಎಂದಿದೆ. ಆದರೆ ತರಗತಿಯಲ್ಲಿ ಪ್ರಯೋಗ ತೋರಿಸುವಾಗ ಕ್ಲೋರಿನ್ ಅನಿಲ ಒಳಗೆ ಹೋಗಿ ಕಾಯಿಲೆಯಾಯಿತು ಎಂದು ಹೊನೊಲುಲುವಿನ ಪತ್ರಿಕೆ ಬರೆಯಿತು. ಅದು ಮೊದಲ ಮಹಾಯುದ್ಧದ ಕಾಲ, ಕ್ಲೋರಿನ್ ಯುದ್ಧದ ಅಸ್ತ್ರವಾಗಿತ್ತು.

ಮುಂದೆ ಆದದ್ದು ನಮಗೆ ಹೊಸದಲ್ಲ.

ಕಾಲೇಜಿನ ಅಧ್ಯಕ್ಷ ಆರ್ಥರ್ ಡೀನ್, ಆತನೂ ರಸಾಯನ ವಿಜ್ಞಾನಿ. ಆಲಿಸ್ ಬಿಟ್ಟುಹೋದ ಕೆಲಸವನ್ನು ಕೈಗೆತ್ತಿಕೊಂಡು ದೊಡ್ಡ ಪ್ರಮಾಣದಲ್ಲಿ ಮದ್ದು ತಯಾರಿಸಿದ. ಅದು ಒಳ್ಳೆಯ ಕೆಲಸವೇ. ಲೇಖನಗಳನ್ನೂ ಬರೆದ, ಅದರಲ್ಲಿ ಆಲಿಸ್ ಬಾಲ್ ಎಂಬ ಹೆಸರು ಇರಲಿಲ್ಲ. ಲೋಕ ಅದನ್ನು ಡೀನ್ ವಿಧಾನ ಎಂದು ಕರೆಯಿತು. 1920ರ ಹೊತ್ತಿಗೆ ಕಲಿಹಿ ಆಸ್ಪತ್ರೆಯಿಂದ 78 ರೋಗಿಗಳು ಈ ಚುಚ್ಚುಮದ್ದು ಪಡೆದು ಬಿಡುಗಡೆಯಾಗಿ ಮನೆಗೆ ಹೋದರು ಎಂಬ ವರದಿ ಬಂತು. ಕಲೌಪಾಪಾಗೆ ಹೋಗಬೇಕಾಗಿದ್ದವರು ಮನೆಗೆ ಹೋದರು! ಸುದ್ದಿ ಲೋಕವೆಲ್ಲ ಹಬ್ಬಿತು. ಅಮೆರಿಕ ಸರ್ಕಾರ ಜೋಸೆಫ್ ರಾಕ್ ಎಂಬ ಸಸ್ಯವಿಜ್ಞಾನಿಯನ್ನು ಸಯಾಂ, ಬರ್ಮಾ, ಅಸ್ಸಾಂ ಕಾಡುಗಳಿಗೆ ಕಳಿಸಿ ಚಾಲಮೊಗ್ರ ಬೀಜ ತರಿಸಿತು. ಕಾಡಿನ ದಾರಿ ತೋರಿಸಿದ, ಮರ ಯಾವುದೆಂದು ಗುರುತಿಸಿಕೊಟ್ಟ ಹಳ್ಳಿಗರ ಹೆಸರು ಯಾರಿಗೆ ನೆನಪಿದೆ? ಹೆಸರು ಕಳೆದುಕೊಂಡವರ ಸಾಲಿನಲ್ಲಿ ಆಲಿಸ್ ಒಬ್ಬಳೇ ಇಲ್ಲ.

ಏಕಲವ್ಯನ ಹೆಬ್ಬೆರಳನ್ನು ಕೇಳಿಯಾದರೂ ತೆಗೆದುಕೊಂಡರು. ಇವಳಿಂದ ಕೇಳುವ ಪ್ರಮೇಯವೂ ಬರಲಿಲ್ಲ, ಆಗಲೇ ಸತ್ತಿದ್ದಳು.

ಒಬ್ಬರು ಮಾತ್ರ ಮರೆಯಲಿಲ್ಲ. ಡಾ. ಹಾಲ್ಮನ್ 1922ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬರೆದು, ಈ ಕೆಲಸ ಮಾಡಿದವಳು ಆಲಿಸ್ ಬಾಲ್ ಎಂದು ಸ್ಪಷ್ಟವಾಗಿ ದಾಖಲಿಸಿದರು. ಬಾಲ್ ವಿಧಾನ ಎಂದೇ ಕರೆದರು. ಡೀನ್ ಅದಕ್ಕೆ ಏನೂ ಉತ್ತಮಪಡಿಸಲಿಲ್ಲ ಎಂಬ ಅಭಿಪ್ರಾಯವೂ ಅವರದ್ದಾಗಿತ್ತು. ಆದರೆ ಹಾಲ್ಮನ್ ಮಾತು ಕಪಾಟಿನಲ್ಲಿ ಉಳಿಯಿತು. 1970ರ ದಶಕದಿಂದೀಚೆಗೆ ಕ್ಯಾಥ್ರಿನ್ ತಕಾರಾ, ಸ್ಟ್ಯಾನ್ಲಿ ಆಲಿ ಮೊದಲಾದವರು ಹಳೆಯ ಕಡತಗಳನ್ನು ಕೆದಕಿ ಹೆಸರನ್ನು ಹೊರಗೆ ತೆಗೆದರು. 2000ದಲ್ಲಿ ಹವಾಯಿ ವಿಶ್ವವಿದ್ಯಾಲಯ ತನ್ನ ಆವರಣದ ಚಾಲಮೊಗ್ರ ಮರದ ಬಳಿ ಆಕೆಯ ಹೆಸರಿನ ಫಲಕ ಹಾಕಿತು. ಫೆಬ್ರವರಿ 29 ಆಲಿಸ್ ಬಾಲ್ ದಿನ ಎಂದು ಘೋಷಣೆಯಾಯಿತು. (ನಾಲ್ಕು ವರ್ಷಕ್ಕೊಮ್ಮೆ ಬರುವ ದಿನವೇ ಯಾಕೋ!) 2019ರಲ್ಲಿ ಲಂಡನ್ನಿನ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಶಾಲೆ ತನ್ನ ಕಟ್ಟಡದ ಮೇಲೆ ಕೆತ್ತಿದ ಹೆಸರುಗಳ ಸಾಲಿಗೆ ಮೇರಿ ಕ್ಯೂರಿ, ಫ್ಲಾರೆನ್ಸ್ ನೈಟಿಂಗೇಲ್ ಜೊತೆಗೆ ಆಲಿಸ್ ಬಾಲ್ ಹೆಸರನ್ನೂ ಸೇರಿಸಿತು. ಅದುವರೆಗೆ ಆ ಗೋಡೆಯ ಮೇಲೆ ಇದ್ದವರೆಲ್ಲ ಗಂಡಸರು.

ನಮ್ಮ ಸುರಂಟಿಯ ಸರದಿಯೂ ಬಂತು. 1920ರ ದಶಕದಲ್ಲಿ ಕಲ್ಕತ್ತೆಯ ಟ್ರಾಪಿಕಲ್ ಮೆಡಿಸಿನ್ ಶಾಲೆಯ ಅರ್ನೆಸ್ಟ್ ಮ್ಯೂರ್ ಪಶ್ಚಿಮ ಘಟ್ಟದ ಈ ಮರದ ಎಣ್ಣೆಯನ್ನೂ ಅದರ ಎಸ್ಟರನ್ನೂ ರೋಗಿಗಳಿಗೆ ಕೊಟ್ಟು ನೋಡಿದರು. ಬರ್ಮಾದ ಎಣ್ಣೆಗಿಂತ ಇದು ತಾಜಾ ಸಿಗುತ್ತದೆ, ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಬಳಕೆಗೆ ತಂದರು. ಮುಂದೆ ಇಪ್ಪತ್ತು ವರ್ಷ ಭಾರತದ ಕುಷ್ಠ ಚಿಕಿತ್ಸಾಲಯಗಳಲ್ಲಿ ಮುಖ್ಯ ಮದ್ದು ಇದೇ ಆಗಿತ್ತು.

ಕುಷ್ಠ ಈ ಎಣ್ಣೆಯಿಂದ ನಿಜಕ್ಕೂ ವಾಸಿಯಾಯಿತೇ? ಪೂರ್ತಿ ಆಗಲಿಲ್ಲ. ಕೆಲವರಿಗೆ ಮಚ್ಚೆಗಳು ಮಾಯವಾದವು, ಹಲವರಿಗೆ ಮತ್ತೆ ಬಂದವು. ಬಿಡುಗಡೆಯಾದವರಲ್ಲೂ ಕೆಲವರು ತಿರುಗಿ ಆಸ್ಪತ್ರೆಗೆ ಬರಬೇಕಾಯಿತು. 1941ರಲ್ಲಿ ಅಮೆರಿಕದ ಕಾರ್ವಿಲ್‌ನಲ್ಲಿ ಸಲ್ಫೋನ್ ಔಷಧದ ಪ್ರಯೋಗ ಶುರುವಾಯಿತು, ಡ್ಯಾಪ್ಸೋನ್ ಮಾತ್ರೆ ಬಂತು, ಎಣ್ಣೆ ಹಿಂದೆ ಸರಿಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಎಂಡಿಟಿ ಚಿಕಿತ್ಸೆಯನ್ನು ಹೇಳಿತು. ಈಗ ಇರುವುದು ಅದು. ಆಲಿಸ್ ಬದುಕಿದ್ದರೆ ತನ್ನ ಎಸ್ಟರಿಗೇ ಅಂಟಿಕೊಂಡು ಕೂರುತ್ತಿರಲಿಲ್ಲ ಎಂದು ನನ್ನ ಎಣಿಕೆ. ಬಿಡಿಸಿ ನೋಡುವುದು ಅಭ್ಯಾಸವಾದವರು ತಮ್ಮದನ್ನೂ ಬಿಡಿಸಿ ನೋಡುತ್ತಾರೆ. ಕಾಲಾಮರಿಗೆ ಬುದ್ಧ ಹೇಳಿಕೊಟ್ಟದ್ದು ಬೇರೆ ಏನಲ್ಲ.

ಇದನ್ನೆಲ್ಲ ಇವತ್ತೇ ಬರೆಯುವುದಕ್ಕೆ ತಾರೀಖಿನ ಹೊರತಾಗಿ ಇನ್ನೊಂದು ಕಾರಣ ಇದೆ. ನಮ್ಮ ಓದಿನ ಬಳಗದ ಬಂಧುವೊಬ್ಬರಿಗೆ ಮೈಮೇಲೆ ತಾಮ್ರ ಬಣ್ಣದ ಮಚ್ಚೆ ಆಗಿತ್ತು. ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಯಾವುದೋ ಗುಂಪಿನಲ್ಲಿ ಬಂದ ಸರ್ವರೋಗ ಮೂಲಿಕೆಯ ಸಂದೇಶ ನಂಬಿ ನಾಲ್ಕು ತಿಂಗಳು ಎಣ್ಣೆ ಉಜ್ಜಿದರು. ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಕಿರುಬೆರಳು ಸ್ವಲ್ಪ ಬಾಗಿತು. ಈಗ ಸರ್ಕಾರಿ ಆಸ್ಪತ್ರೆಯ ಮಾತ್ರೆ ನುಂಗುತ್ತಿದ್ದಾರೆ. ಬರೆಯಿರಿ, ಹೆಸರು ಮಾತ್ರ ಬೇಡ ಎಂದರು. ಯಾರಿರಬಹುದು ಎಂದು ದಯವಿಟ್ಟು ಯಾರೂ ಊಹೆ ಮಾಡುತ್ತ ಕೂರಬೇಡಿ.

ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಅವರನ್ನು ಕೇಳಲಿಲ್ಲ, ನನಗೆ ಗೊತ್ತಿತ್ತು. ನಾನು ಚಿಕ್ಕವನಿದ್ದಾಗ ಹರಿಹರದಲ್ಲಿ ನಮ್ಮ ಕೇರಿಯಿಂದಲೂ ಆಚೆ, ಹೊಳೆಯ ಕಡೆಗೆ ಒಂದು ಗುಡಿಸಲಿತ್ತು. ಒಬ್ಬ ಅಜ್ಜಿ, ಕೈಬೆರಳು ಅರ್ಧ ಇರಲಿಲ್ಲ. ದೊಡ್ಡರೋಗದ ಮುದುಕಿ ಎನ್ನುತ್ತಿದ್ದರು. ಅವಳು ನೀರು ಕೇಳಿದರೆ ನಮ್ಮವರು ಕೊಡ ಎತ್ತಿ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಬೆರಳಿಲ್ಲದ ಬೊಗಸೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ? ಊರಿನವರು ನಮಗೆ ಹೇಗೆ ಹೊಯ್ಯುತ್ತಿದ್ದರೋ ಹಾಗೆಯೇ. ನಾನೂ ಹೊಯ್ದಿದ್ದೇನೆ. ಧಮ್ಮ ಸ್ವೀಕರಿಸಿ ಎಷ್ಟೋ ವರ್ಷವಾದ ಮೇಲೂ ಆ ಕೊಡದ ಭಾರ ಕೈಗೆ ನೆನಪಿದೆ.

ವಿನಯಪಿಟಕದಲ್ಲಿ ಇದಕ್ಕೆ ಸಂಬಂಧಿಸಿದ ಕಷ್ಟದ ಜಾಗ ಒಂದಿದೆ, ಅದನ್ನೂ ಮುಚ್ಚಿಡಬಾರದು. ಮಗಧದಲ್ಲಿ ಐದು ರೋಗಗಳು ಹರಡಿದ್ದಾಗ, ಜೀವಕನ ಚಿಕಿತ್ಸೆ ಸಿಗಲೆಂದೇ ಜನ ಭಿಕ್ಖುಗಳಾಗತೊಡಗಿದರು, ವಾಸಿಯಾದ ಮೇಲೆ ಚೀವರ ಬಿಟ್ಟು ಹೋಗತೊಡಗಿದರು. ಜೀವಕ ಬಂದು ಹೇಳಿಕೊಂಡ ಮೇಲೆ ಆ ಐದು ರೋಗ ಇರುವವರಿಗೆ ಪಬ್ಬಜ್ಜೆ ಇಲ್ಲ ಎಂಬ ನಿಯಮ ಬಂತು. ಮೊದಲನೆಯದು ಕುಷ್ಠ. ಆದರೆ ಅದೇ ಪಿಟಕಗಳ ಉದಾನದಲ್ಲಿ ಸುಪ್ಪಬುದ್ಧ ಬರುತ್ತಾನೆ. ರಾಜಗೃಹದ ಕುಷ್ಠರೋಗಿ, ಕಡುಬಡವ. ಜನ ಸೇರಿರುವುದು ಕಂಡು ಅನ್ನ ಹಂಚುತ್ತಿದ್ದಾರೆ ಎಂದುಕೊಂಡು ಬಂದವನು ಧಮ್ಮ ಕೇಳಲು ಕುಳಿತ. ಅಷ್ಟು ದೊಡ್ಡ ಸಭೆಯಲ್ಲಿ ಇವತ್ತು ಧಮ್ಮ ಅರ್ಥವಾಗುವವನು ಇವನೇ ಎಂದು ಬುದ್ಧ ಗುರುತಿಸಿದ್ದು ಅವನನ್ನು. ಸಂಘದ ಬಾಗಿಲಿಗೆ ನಿಯಮ ಇತ್ತು, ಧಮ್ಮಕ್ಕೆ ಇರಲಿಲ್ಲ. ಹಾಗಿದ್ದರೂ ಆ ನಿಯಮ ನನ್ನನ್ನು ಚುಚ್ಚುತ್ತದೆ. ಆಗ ಮದ್ದಿರಲಿಲ್ಲ, ಈಗ ಇದೆ. ಬ್ರಿಟಿಷರ 1898ರ ಲೆಪರ್ಸ್ ಕಾಯ್ದೆಯನ್ನೇ ನಮ್ಮ ಸಂಸತ್ತು ರದ್ದು ಮಾಡಿದ್ದು 2016ರಲ್ಲಿ, ಕುಷ್ಠ ಇದೆ ಎಂಬ ಕಾರಣಕ್ಕೆ ವಿಚ್ಛೇದನ ಕೊಡುವುದನ್ನು ತೆಗೆದದ್ದು 2019ರಲ್ಲಿ. ಕಾನೂನಿಗೇ ಇಷ್ಟು ಹೊತ್ತು ಬೇಕಾಯಿತು.

ಆದ್ದರಿಂದ ಗಮನಿಸಿ. ಮೈಮೇಲೆ ಬಣ್ಣ ತಿಳಿಯಾದ ಅಥವಾ ತಾಮ್ರ ಬಣ್ಣದ ಮಚ್ಚೆ ಇದ್ದು ಅಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಕೈಕಾಲು ಜೋಮು ಹಿಡಿದು ಬಿಡದಿದ್ದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಜಿಲ್ಲಾ ಆಸ್ಪತ್ರೆಗೋ ಹೋಗಿ. ಮಾತ್ರೆ ಪೂರ್ತಿ ಉಚಿತ. ಆರು ತಿಂಗಳು, ಹೆಚ್ಚಿದ್ದರೆ ಒಂದು ವರ್ಷ. ಮಾತ್ರೆ ಶುರು ಮಾಡಿದ ಸ್ವಲ್ಪ ದಿನಕ್ಕೇ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಬೇಗ ಹೋದರೆ ಬೆರಳು ಉಳಿಯುತ್ತವೆ. ಇದು ಪಾಪದ ಫಲವಲ್ಲ, ಹಿಂದಿನ ಜನ್ಮದ ಕರ್ಮವಲ್ಲ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕಂಡುಹಿಡಿದ ಒಂದು ಬ್ಯಾಕ್ಟೀರಿಯಾ. ಸುರಂಟಿ ಎಣ್ಣೆ ಎಲ್ಲಾದರೂ ಸಿಕ್ಕರೂ ಅದನ್ನು ಕುಡಿಯುವ, ಮಾತ್ರೆ ಬಿಟ್ಟು ಹಚ್ಚುವ ಸಾಹಸ ಬೇಡ. ಮೂಲಿಕೆಯ ಸಂದೇಶ ಬಂದರೆ ಮುಂದಕ್ಕೆ ಕಳಿಸುವ ಮೊದಲು ಯಾರು, ಎಲ್ಲಿ, ಎಷ್ಟು ಜನಕ್ಕೆ ಕೊಟ್ಟು ನೋಡಿದರು ಎಂದು ಕೇಳಿ.

ಈ ಭಾನುವಾರ ಬೆಳಿಗ್ಗೆ 10:30ಕ್ಕೆ ಹರಿಹರದಲ್ಲಿ ಓದು ಇದೆ. ಉದಾನದ ಸುಪ್ಪಬುದ್ಧನ ಭಾಗ ಓದುತ್ತೇವೆ. ದಾವಣಗೆರೆಯಿಂದ ಬರುವವರು ಒಂಬತ್ತೂವರೆಯೊಳಗೆ ಬಸ್ ಹಿಡಿಯಿರಿ. ಇರುವುದು ಆರೇ ಪ್ರತಿ, ಪುಸ್ತಕ ಇಲ್ಲದವರು ಪಕ್ಕದವರ ಪುಸ್ತಕದಲ್ಲೇ ನೋಡಿಕೊಳ್ಳಬೇಕು.

ಜೈಭೀಮ್.